ಒಳಕೋಣೆಯ ಪಕ್ಕದ ಪಲ್ಲವಿ

ಮಂಗಳವಾರ, ಮಧ್ಯಾಹ್ನ
ಚಿತ್ರಸಂಕಲನದ ಕೊಠಡಿಯಿಂದ

ಅಮ್ಮಾ, ನಿನ್ನ ಕಿವುಡಿಯ ನಮಸ್ಕಾರ.

ನಾನು ಕ್ಷೇಮವಾಗಿಲ್ಲ. ಸಿಟ್ಟು ನೆತ್ತಿಗೇರಿ ಕೂತಿದೆ. ನೀನು ಕ್ಷೇಮವೆಂದೇ ತಿಳಿದಿದ್ದೇನೆ, ಏಕೆಂದರೆ ನಿನ್ನೆ ಫೋನಿನಲ್ಲಿ ನಿನ್ನ ಗಂಟಲು ಚೆನ್ನಾಗಿಯೇ ಇತ್ತು. "ಅಕ್ಕನ ವಿಷಯ ಮಾತಾಡ್ಬೇಕಿತ್ತು" ಅಂದೆ ನಾನು, ಅಷ್ಟೇ. ನೀನು ನಮ್ಮ ಪ್ರಾರ್ಥನಾ ಬಳಗದ ಹಾಡಿನ ಪಲ್ಲವಿ ಎತ್ತಿಕೊಂಡೆ. ನಾನು ಎರಡು ಸಲ ಕೇಳಿ ಫೋನ್ ಇಟ್ಟೆ. ಅದಕ್ಕೇ ಈ ಕಾಗದ. ನೀನು ಎಷ್ಟು ಹಾಡಿದರೂ ಕಾಗದದ ಅಕ್ಷರ ಅಳಿಸಿಹೋಗುವುದಿಲ್ಲ.

ಕೆಟ್ಟ ಮಾತು ಕಿವಿಗೆ ಬಿದ್ದರೆ ಕೂಡಲೇ ಪಲ್ಲವಿ ಹಾಡಬೇಕು, ಆಗ ಅದು ಒಳಗೆ ಇಳಿಯುವುದಿಲ್ಲ ಎಂದು ಬಳಗದ ಹಿರಿಯರು ಕಲಿಸಿದ್ದರಲ್ಲ. ನಾವು ಮಕ್ಕಳು ಕಡಿಮೆಯೇ? ನೀನು ಪಾತ್ರೆ ತೊಳೆಯಲು ಕರೆದರೆ ನಾನೂ ಅಕ್ಕನೂ ಒಟ್ಟಿಗೆ ಹಾಡಲು ಶುರು ಮಾಡುತ್ತಿದ್ದೆವು. ಅಕ್ಕ ಕೊನೆಗೆ ಎದ್ದು ಬರುತ್ತಿದ್ದಳು, ನಾನು ಬರುತ್ತಿರಲಿಲ್ಲ. "ಇವಳೊಬ್ಳು ಕಿವುಡಿ" ಎಂದು ನೀನು ಬೈದದ್ದು ಹೆಸರಾಗಿ ಉಳಿದುಬಿಟ್ಟಿತು. ಈಗ ಅದೇ ಕಿವುಡಿ ಸಿನಿಮಾದವರಿಗೆ ಧ್ವನಿಮುದ್ರಣ ಮಾಡಿ ಹೊಟ್ಟೆ ಹೊರೆಯುತ್ತಿದ್ದಾಳೆ. ನಗು ಬಂದರೆ ನಕ್ಕುಬಿಡು.

ಹೋದ ವಾರ ಮಾತ್ರ ನನಗೆ ನಗು ಬರಲಿಲ್ಲ. ಆ ಬಳಗದಲ್ಲಿ ಬೆಳೆದ ಆರು ಜನ ಹೆಂಗಸರು ನಾನೀಗ ಕೆಲಸ ಮಾಡುತ್ತಿರುವ ಸಾಕ್ಷ್ಯಚಿತ್ರದಲ್ಲಿ ಮುಖ ಮರೆಸಿಕೊಳ್ಳದೆ ಮಾತಾಡಿದ್ದಾರೆ. ಅವರಲ್ಲಿ ನಿನ್ನ ದೊಡ್ಡ ಮಗಳೂ ಒಬ್ಬಳು. ಪ್ರಾರ್ಥನೆ ನಡೆಯುವಾಗ ಹಿರಿಯರು ಮಕ್ಕಳನ್ನು "ತಿದ್ದುವುದಕ್ಕೆ" ಒಳಕೋಣೆಗೆ ಕರೆದೊಯ್ಯುತ್ತಿದ್ದದ್ದು, ಬಾಗಿಲು ಹಾಕುತ್ತಿದ್ದದ್ದು, ಬೆಲ್ಟು, ತನ್ನ ಮೊಣಕೈ ಮುರಿದದ್ದು, ಎಲ್ಲವನ್ನೂ ಹೇಳಿದಳು. ನೆಟ್ಟಗಾಗದ ಕೈಯನ್ನು ಕ್ಯಾಮೆರಾ ಮುಂದೆ ಚಾಚಿ ತೋರಿಸಿದಳು. ನೀನೂ ಮಾತಾಡಲು ಒಪ್ಪಿದ್ದೀಯ ಎಂದು ತಿಳಿದಾಗ ನಾನು ಕುಣಿದಾಡುವುದೊಂದು ಬಾಕಿಯಿತ್ತು.

ನಾವು ಚಿತ್ರೀಕರಣಕ್ಕೆ ಮನೆಗೆ ಬಂದ ದಿನ ನೀನು ಪರದೆ ಒಗೆದು ಹಾಕಿದ್ದೆ, ಒಳ್ಳೆಯ ಕುರ್ಚಿ ಹೊರಗೆ ತಂದಿದ್ದೆ. ಪ್ರಾರ್ಥನೆಯ ಸಭಾಂಗಣದಲ್ಲಿ ಎಲ್ಲಿ ಕೂರುತ್ತಿದ್ದಿರಿ ಎಂದು ನಿರ್ದೇಶಕಿ ಕೇಳಿದರು. "ಮುಂದಿನ ಸಾಲು, ಒಳಕೋಣೆ ಬಾಗಿಲ ಪಕ್ಕಾನೇ. ಹಾಡು ಎತ್ತಿಕೊಡೋಳು ನಾನೇ ಅಲ್ವಾ!" ಅಂದೆ, ಎಷ್ಟು ಹೆಮ್ಮೆಯಿಂದ. ಒಳಗಿನಿಂದ ಏನಾದರೂ ಕೇಳಿಸುತ್ತಿತ್ತೇ ಎಂದು ಕೇಳಿದರೆ ಪಲ್ಲವಿ. ಮಗಳ ಕೈ ಹೇಗೆ ಮುರಿಯಿತು ಎಂದರೆ ಮತ್ತೆ ಪಲ್ಲವಿ. ಮೂರನೆಯ ಸಲ ಕ್ಯಾಮೆರಾದವನು ನನ್ನ ಕಡೆ ಬಾಗಿ, "ತಾಳ ಹಾಕ್ಲಾ ಅಕ್ಕಾ?" ಎಂದ. ಅವನಿಗೇನು ಗೊತ್ತು, ಪಾಪ. ನಾನು ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತು ನಾಚಿಕೆಯಿಂದ ಸಾಯುತ್ತಿದ್ದೆ. ಹಲ್ಲು ಕಚ್ಚಿದ್ದಕ್ಕೆ ದವಡೆ ಇನ್ನೂ ನೋಯುತ್ತಿದೆ.

ನಿನ್ನ ಮೌನ ಯಾರ ಕೈಗೆ ಕೋಲು ಕೊಟ್ಟಿದೆ ಗೊತ್ತಾ? ಬಳಗದ ವಕ್ತಾರ ಕ್ಯಾಮೆರಾ ಮುಂದೆ ನಗುನಗುತ್ತಾ, "ಆ ಹುಡುಗಿ ಮೆಟ್ಟಿಲಿಂದ ಬಿದ್ದಿದ್ದು. ಬೇಕಾದ್ರೆ ಹೆತ್ತ ತಾಯೀನೇ ಕೇಳಿ" ಅನ್ನುತ್ತಾನೆ. ಕೈ ಮುರಿದ ದಿನ ಸಭಾಂಗಣದಲ್ಲಿದ್ದ ಇನ್ನೊಬ್ಬರು ಹೌದು ಎನ್ನದಿದ್ದರೆ ಅಕ್ಕನ ಮಾತು ಚಿತ್ರದಲ್ಲಿ ಉಳಿಯುವ ಹಾಗಿಲ್ಲ ಎಂದು ವಕೀಲರು ಹೇಳಿಬಿಟ್ಟಿದ್ದಾರೆ. ಬರುವ ಸೋಮವಾರ ಅವಳ ಭಾಗವನ್ನು ಕತ್ತರಿಸುತ್ತಾರೆ. ಆ ಕೋಣೆಗೆ ಈಗಲೂ ಮಕ್ಕಳು ಹೋಗುತ್ತಿದ್ದಾರೆ, ಅಮ್ಮ. ಬಾಗಿಲ ಪಕ್ಕ ಈಗ ಇನ್ನೊಬ್ಬ ತಾಯಿ ಕೂತು ಹಾಡುತ್ತಿರುತ್ತಾಳೆ.

ನಿನ್ನ ಉತ್ತರ ನನಗೆ ಬಾಯಿಪಾಠ. "ಆಗಿದ್ದು ಆಗಿಹೋಯ್ತು, ಕೆದಕಿದ್ರೆ ಏನ್ ಬರತ್ತೆ?" "ಮನೆ ಮಾತು ಬೀದಿಗೆ ಹಾಕ್ಬೇಡ." "ನಿಮ್ಮಪ್ಪ ಹೋದ್ಮೇಲೆ ಬಳಗದವ್ರು ಇಲ್ದಿದ್ರೆ ನಮ್ಮನ್ನ ಯಾರು ನೋಡ್ತಿದ್ರು?" ನಿಜ, ಯಾರೂ ನೋಡುತ್ತಿರಲಿಲ್ಲ. ಅವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ನಾನೂ ಮಲಗಿದ್ದೇನೆ, ಅವರ ಅನ್ನ ನಾನೂ ಉಂಡಿದ್ದೇನೆ. ಆ ಅನ್ನಕ್ಕೆ ಅಕ್ಕನ ಕೈ ಕೊಟ್ಟದ್ದು ಸಾಲದೇ? ಎಷ್ಟು ದಿನ ಅಂತ ಋಣ ತೀರಿಸುತ್ತೀಯ? ನಿನಗೆ ಹೇಳಿ ಹೇಳಿ ನನಗೇ ಸಾಕಾಗಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ!

ಅಕ್ಕನಿಗೆ ಸಿನಿಮಾದ ಚಿಂತೆ ಅಷ್ಟಾಗಿ ಇಲ್ಲ. ನೀನು ಹಾಡಿದ ಸುದ್ದಿ ಕೇಳಿ ನಕ್ಕಳು. ಆಮೇಲೆ, "ಅದಿರ್ಲಿ, ಅಮ್ಮ ನನ್ನ ನಂಬ್ತಾಳೇನೇ?" ಎಂದು ಕೇಳಿದಳು. ಮೂವತ್ತು ದಾಟಿದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಐದು ವರ್ಷದ ಮಗುವಿನ ಹಾಗೆ ಕೇಳಿದಳು. ನನಗೇನು ಗೊತ್ತು, ಅವಳನ್ನೇ ಕೇಳು ಅಂದೆ. ಭಾನುವಾರ ಬೆಳಿಗ್ಗೆ ನಿನ್ನ ಮನೆಗೆ ಬರುತ್ತಾಳೆ. ಕ್ಯಾಮೆರಾ ಇರುವುದಿಲ್ಲ, ನಾನೂ ಇರುವುದಿಲ್ಲ. ಅವಳೊಬ್ಬಳೇ.

ಮಂಡಿನೋವಿನ ಮಾತ್ರೆ ಬಿಡಬೇಡ. ಸಿಟ್ಟಿದ್ದರೂ ಅದನ್ನು ಬರೆಯದೆ ಇರಲು ಆಗಲಿಲ್ಲ.

ಇಂತಿ,
ಜಗಳಕ್ಕೂ ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ
ನಿನ್ನ ಕಿವುಡಿ

ವಿ.ಸೂ.: ನನಗೇನು ಗೊತ್ತು ಎಂದು ನಾನು ಅಕ್ಕನಿಗೆ ಸುಳ್ಳು ಹೇಳಿದೆ. ಮೂರನೆಯ ಸಲ ಹಾಡಿದ ಮೇಲೆ ನೀರು ಕುಡಿದು ಬರುತ್ತೇನೆಂದು ನೀನು ಅಡುಗೆಮನೆಗೆ ಹೋದೆಯಲ್ಲ, ಆಗ ನಿನ್ನ ಕುತ್ತಿಗೆಯ ಹತ್ತಿರ ಸಿಕ್ಕಿಸಿದ್ದ ಮೈಕನ್ನು ನಾನು ಆರಿಸಿರಲಿಲ್ಲ. ಉಳಿದವರು ಹರಟುತ್ತಿದ್ದರು, ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ನೀನು ನಲ್ಲಿ ತಿರುಗಿಸಿದೆ. ಲೋಟ ತುಂಬಿ ಹೊರಚೆಲ್ಲಿದರೂ ನೀರು ನಿಲ್ಲಿಸಲಿಲ್ಲ. ಆಮೇಲೆ, "ಕೇಳಿಸಿತ್ತು ಕಣೇ ಮಗಳೇ. ಕೇಳಿಸಿದ್ದಕ್ಕೇ ಜೋರಾಗಿ ಹಾಡಿದ್ದು" ಅಂದೆ. ಅದನ್ನು ಯಾರಿಗೂ ಕೇಳಿಸಿಲ್ಲ. ನೀನು ಒಪ್ಪದೆ ಚಿತ್ರಕ್ಕೆ ಹಾಕುವುದೂ ಇಲ್ಲ. ನಲ್ಲಿಗೆ ಹೇಳಿದ್ದನ್ನು ಅಕ್ಕನಿಗೆ ಹೇಳು. ಭಾನುವಾರ ಅವಳು ಬಂದು ಬಾಗಿಲು ತಟ್ಟುತ್ತಾಳೆ. ಹಾಡಬೇಡ, ಅಮ್ಮ. ಬಾಗಿಲು ತೆಗೆ.