ಅಟ್ಲಾಸ್‌ಗಳ ಹಿಂದಿನ ಪುಸ್ತಕ

ತರಬೇತಿ ಅಧಿಕಾರಿಗಳಿಗೆ ನಮಸ್ಕಾರ.

ಮಕ್ಕಳ ಮನಸ್ಸು ಅರಿಯುವುದು ಹೇಗೆಂದು ಮಕ್ಕಳ ವಿಭಾಗದ ಗ್ರಂಥಪಾಲಕರಾದ ನಮಗೆ ಮೂರು ದಿನ ಪಾಠ ಹೇಳಿದಿರಿ. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ನಾನು ನೀವು ಆಡಿಸಿದ ತರಬೇತಿ ಆಟಗಳಿಗೆಲ್ಲ ಬಲೂನು ಊದಿದೆ, ಚಪ್ಪಾಳೆ ತಟ್ಟಿದೆ. ಅದು ಹಾಳಾಗಲಿ. ಕೊನೆಯ ದಿನ, ಬೇಡದ ಪುಸ್ತಕ ತೆಗೆಯುವ ಪಾಠವೆಂದು ನನ್ನ ವಿಭಾಗಕ್ಕೇ ಬಂದು, ಹೆಣ್ಣುಮಕ್ಕಳ ಮೈ ಬೆಳೆಯುವ ಬಗೆ ತಿಳಿಸುವ ಪುಸ್ತಕವನ್ನು ಅಟ್ಲಾಸ್‌ಗಳ ಹಿಂದಿನಿಂದ ಎಳೆದು, ಒಳಗೆ ಅಂಟಿಸಿದ ದಿನಾಂಕದ ಚೀಟಿ ನೋಡಿದಿರಿ. “ಎಂಟು ವರ್ಷದಲ್ಲಿ ಒಬ್ರೂ ತಗೊಂಡು ಹೋಗಿಲ್ಲ, ನೋಡಿ!” ಎಂದು ರದ್ದಿ ಪೆಟ್ಟಿಗೆಗೆ ಹಾಕಿ ನಿಮ್ಮ ಕಚೇರಿಗೆ ಒಯ್ದಿರಿ.

ಯಾರೂ ಒಯ್ಯದ ಪುಸ್ತಕದ ರಟ್ಟು ಕಿತ್ತುಹೋಗಿದ್ದು ಹೇಗೆಂದು ತಮ್ಮ ಘನವಾದ ತಲೆಗೆ ಹೊಳೆಯಲಿಲ್ಲವೇ? ಹದಿಮೂರರ ಹುಡುಗಿ ಅದನ್ನು ತನ್ನ ಹೆಸರಲ್ಲಿ ಬರೆಸಿ ಮನೆಗೆ ಒಯ್ಯುವುದಿಲ್ಲ ಸ್ವಾಮಿ. ಅಟ್ಲಾಸ್ ನೋಡುವವಳಂತೆ ಅಲ್ಲೇ ನಿಂತು ಓದುತ್ತಾಳೆ. ಅದಕ್ಕೇ ಅಲ್ಲಿಟ್ಟಿದ್ದೆ.

ನಿನ್ನೆ ಒಬ್ಬಳು ಆ ಕಪಾಟಿನಲ್ಲಿ ತಡಕಾಡಿ ನನ್ನ ಮೇಜಿನ ಬಳಿ ಬಂದಳು. “ಮೇಡಂ, ಅಲ್ಲೊಂದು... ಏನಿಲ್ಲ, ಬಿಡಿ” ಎಂದು ಹೊರಟುಹೋದಳು.

ಪುಸ್ತಕ ವಾಪಸ್ ಕಳಿಸಿ. ನೀವು ಕೊಟ್ಟ ಪ್ರಮಾಣಪತ್ರದ ಕಾಗದ ಒಳ್ಳೆ ದಪ್ಪಗಿದೆ. ಆ ಪುಸ್ತಕಕ್ಕೆ ರಟ್ಟು ಹಾಕಲು ಎತ್ತಿಟ್ಟಿದ್ದೇನೆ.

ಇಂತಿ,
ತಮ್ಮಿಂದ ತರಬೇತಿ ಪಡೆದ ಗ್ರಂಥಪಾಲಕಿ