ಅಂಟಿಸಿದ ಎರಡು ಪುಟ

ಕಾರ್ಕ್, ೫ ಮಾರ್ಚ್ ೧೯೬೪, ಗುರುವಾರ

ಗೊಬ್ನೆಟ್‌ಳ ಮುಖ ಕಣ್ಣಿನಿಂದ ಹೋಗುತ್ತಿಲ್ಲ. ಹನ್ನೊಂದು ವರ್ಷದ ಹುಡುಗಿ, ಶಾಲೆಯ ಪಾಯಿಖಾನೆಯಲ್ಲಿ ಚಿಲಕ ಹಾಕಿಕೊಂಡು ಅಳುತ್ತಿದ್ದಳು.

"ರಕ್ತ ಬರ್ತಿದೆ ಮಿಸ್, ನಾನು ಸಾಯ್ತೀನಿ. ಫಾದರ್‌ನ ಕರ್ಸಿ, ಪಾಪನಿವೇದನೆ ಮಾಡ್ಬೇಕು."

ಹೋದ ವಾರ ನ್ಯಾಪ್‌ಕಿನ್ ಕಂಪನಿಯವರು ಮುಟ್ಟಿನ ಬಗ್ಗೆ ಕಿರುಪುಸ್ತಕ ಕಳಿಸಿದ್ದರು. ಹಂಚುವ ಮೊದಲು ನಮ್ಮ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಆಟ್ರಾಕ್ಟಾ, "ನಡುವಿನ ಎರಡು ಪುಟ ಅಂಟಿಸಿಬಿಡಮ್ಮ, ಉಳಿದಿದ್ದು ಓದ್ಕೊಳ್ಳಲಿ" ಎಂದರು. ಮೂವತ್ತೆರಡು ಪ್ರತಿಗೂ ಮೈದಾ ಅಂಟು ಬಳಿದವಳು ನಾನೇ. ಉಳಿದದ್ದಾದರೂ ಏನು? ಸ್ನಾನ, ನಗುಮುಖ, ನೆಟ್ಟಗೆ ನಿಲ್ಲುವುದು!

ಇವತ್ತು ಬಾಗಿಲಾಚೆ ನಿಂತು, ಇದು ಮುಟ್ಟು, ಸಾವಲ್ಲ ಎಂದು ಗೊಬ್ನೆಟ್‌ಗೆ ಬಿಡಿಸಿ ಹೇಳಿದೆ. ಕೊನೆಗೆ ಚಿಲಕ ತೆಗೆದು ಹೊರಗೆ ಬಂದಳು.

"ಪುಸ್ತಕ ಎರಡು ಸಲ ಓದಿದ್ದೆ ಮಿಸ್. ಇದು ಅದ್ರಲ್ಲಿ ಇರ್ಲಿಲ್ಲ, ಅಲ್ವಾ?"

"ಇರ್ಲಿಲ್ಲ ಮಗೂ" ಎಂದುಬಿಟ್ಟೆ.

ಈ ಸುಳ್ಳನ್ನು ಹೇಳು ಎಂದು ಸಿಸ್ಟರ್ ಹೇಳಿರಲಿಲ್ಲ.