ಅಪಘಾತರಹಿತ ಸೇವೆಯ ಪದಕದ ಬಗ್ಗೆ

ಪದಕ ಕೊಡಲಿರುವ ಸಾರಿಗೆ ಮುಖ್ಯಸ್ಥರೇ,

ಈ ಭಾನುವಾರ ತಾವು ನನ್ನ ಮಾವನವರ ಎದೆಗೆ 'ಅಪಘಾತರಹಿತ ಸೇವೆ'ಯ ಪದಕ ಚುಚ್ಚಲಿದ್ದೀರಿ. ದಯವಿಟ್ಟು ಚುಚ್ಚಬೇಡಿ. ಹೆಣ್ಣು ಕೊಟ್ಟ ಮಾವನ ಸನ್ಮಾನಕ್ಕೆ ಅಡ್ಡಗಾಲು ಹಾಕುವ ಇವನೆಂಥ ಅಳಿಯ ಎಂದು ಕೇಳುತ್ತೀರಾ? ಮನೆಯಲ್ಲಿ ಆಗಲೇ ತಟ್ಟೆ ಕುಕ್ಕಿ ಕೇಳಿದ್ದಾರೆ.

ಅವರ ಚಾಲನೆಯಲ್ಲಿ ತಪ್ಪು ಹುಡುಕುವ ಯೋಗ್ಯತೆ ನನಗಿಲ್ಲ. ಯುದ್ಧದ ವರ್ಷ ಸೈನಿಕರು ಹೊಳೆಯಾಚೆಯ ಬೀದಿಗಳನ್ನು ಖಾಲಿ ಮಾಡಿಸಿದಾಗ ಜನರನ್ನು ಎಲ್ಲಿಗೋ ಸಾಗಿಸಿದ್ದು ತಮ್ಮ ಇಲಾಖೆಯ ಬಸ್ಸುಗಳೇ. ಅದರಲ್ಲೊಂದನ್ನು ಮಾವ ಓಡಿಸಿದ್ದರೆಂದು ನಮಗೆ ತಿಳಿದದ್ದು ಪದಕದ ಸುದ್ದಿ ಬಂದ ದಿನ. ಖುಷಿಯಲ್ಲಿ ಅವರೇ ಬಾಯಿಬಿಟ್ಟರು. ತಿರುವಿನಲ್ಲಿ ವೇಗ ತಗ್ಗಿಸಿದ್ದರಂತೆ. ಮುದುಕಿಯರು ಇಳಿಯುವವರೆಗೂ ಬ್ರೇಕ್ ಒತ್ತಿ ಹಿಡಿದಿದ್ದರಂತೆ. ಒಬ್ಬರಿಗೂ ತರಚುಗಾಯವಿಲ್ಲ! ಇಳಿದ ಮೇಲೆ ಆದದ್ದು ಪದಕದ ನಿಯಮಾವಳಿಗೆ ಸೇರುವುದಿಲ್ಲ, ಅಲ್ಲವೇ?

ನನ್ನ ಮಗಳು ಸಾಮೂಹಿಕ ಹತ್ಯೆಗಳ ಅಪರಾಧಶಾಸ್ತ್ರ ಓದುತ್ತಾಳೆ. ಇಂಥ ಪಾತಕಕ್ಕೆ ರಾಕ್ಷಸರೇ ಬೇಕಿಲ್ಲವಂತೆ. ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವವರು ಸಾಕಂತೆ. ಪಾಠದಲ್ಲಿ ಕೇಳಿದ್ದು ನಮ್ಮ ಸೋಫಾದ ಮೇಲೆ ಕೂತು ಟೀ ಹೀರುತ್ತಿತ್ತು.

"ತಾತ, ವಾಪಸ್ ಬರುವಾಗ ಬಸ್ಸಲ್ಲಿ ಯಾರಿದ್ರು?"

"ಖಾಲಿ ಬಂದೆ ಕಣೇ. ಕರ್ಕೊಂಡು ಬಾ ಅಂತ ಆರ್ಡರ್ ಇರ್ಲಿಲ್ಲ."

"ಎಲ್ಲಿ ಇಳಿಸಿದ್ರಿ? ಎದುರುಮನೆ ಟೈಲರ್ ಅಜ್ಜಿ, ಅವತ್ತು ಬಸ್ ಹತ್ತಿಸಿದ ಗಂಡನ ಮೂಳೆನಾದ್ರೂ ಸಿಗ್ಲಿ ಅಂತ ಇನ್ನೂ ಕಾಯ್ತಿದ್ದಾರೆ."

"ಜಾಗ ಯಾರಿಗೂ ಹೇಳ್ಬೇಡ ಅಂದಿದ್ದು ಇಲಾಖೆ. ಇಲಾಖೆನೇ ಕೇಳ್ಲಿ, ಹೇಳ್ತೀನಿ. ಕೇಳಿದವರಿಗೆಲ್ಲ ಹೇಳೋಕೆ ನಾನೇನು ಶಿಸ್ತಿಲ್ಲದವನಾ?"

 

ಟೈಲರ್ ಅಜ್ಜಿ ಈಗ ಹೊಲಿಯುತ್ತಿರುವುದು ಮಾವನ ಭಾನುವಾರದ ಕೋಟನ್ನೇ. ಪದಕದ ಭಾರಕ್ಕೆ ಜೋಲಬಾರದೆಂದು ಎದೆಯ ಬಳಿ ಒಳಗೊಂದು ಪದರ ಹೆಚ್ಚಿಗೆ ಕೊಡುತ್ತಿದ್ದಾರೆ. ನಿನ್ನೆ ಕೋಟಿನ ಬಗ್ಗೆ ವಿಚಾರಿಸಲು ಹೋದರೆ, "ನಿಮ್ಮ ಮಾವ ಪುಣ್ಯವಂತರು ಕಣಪ್ಪ, ಜನರನ್ನ ಜೋಪಾನವಾಗಿ ಮುಟ್ಟಿಸಿದವರು" ಅಂದರು. ಹೂಂಗುಟ್ಟಿ ಬಂದೆ.

ಆದ್ದರಿಂದ ಪದಕ ತಡೆಯಿರಿ. ಬದಲಿಗೆ 'ಬಸ್ ನಿಲ್ಲಿಸಿದ ಜಾಗ ತೋರಿಸತಕ್ಕದ್ದು' ಎಂದು ಆಜ್ಞೆ ಕಳಿಸಿ. ಮೊಹರು ಮರೆಯಬೇಡಿ, ಮೊಹರಿಲ್ಲದ ಮಾತು ಅವರ ಕಿವಿಗೆ ಬೀಳುವುದಿಲ್ಲ. ಬಸ್ಸು ತಮ್ಮದೇ ಇರಲಿ, ಮುಂದಿನ ಸೀಟು ಅಜ್ಜಿಗಿರಲಿ. ಅಜ್ಜಿಗೆ ವಿಷಯ ತಿಳಿಸುವ ಕೆಲಸವನ್ನು ತಮ್ಮ ಮೇಲೆ ಹೊರಿಸುವುದಿಲ್ಲ. ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ನಾನು ಅವರ ಬಾಗಿಲು ತಟ್ಟಬೇಕು. ಮೊದಲ ಮಾತು ಏನೆಂದು ಇನ್ನೂ ತಿಳಿದಿಲ್ಲ.

ಇಂತಿ,
ತಲೆಯೆತ್ತಿ ಬೀದಿ ದಾಟಲಾರದ,
ತಮ್ಮ ಪದಕವಂತರ ಅಳಿಯ